ಮುನಿಯಕ್ಕನ ಹಿಡಿತ ಮತ್ತು ನನ್ನ ನಿಂಜುತ್ಸು

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಮನೆ ಓನರ್ ಮುನಿಯಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡ್ರು. ಹಿಡೀರಿ ಅಂತ ನಾನೇ ಹೇಳಿದ್ದೆ. ಒಂದು ನಿಮಿಷ ಆಗೋ ಹೊತ್ತಿಗೆ ಬಿಡಿ ಅಂತ ಅಳ್ತಾ ಇದ್ದೆ.

ನಲವತ್ತೊಂದು ವರ್ಷದ ಹೆಂಗಸು, ಆಫೀಸಲ್ಲಿ ಹನ್ನೆರಡು ಜನರ ಟೀಮ್ ನೋಡ್ಕೊಳ್ಳೋಳು, ದನದ ಕೊಟ್ಟಿಗೆ ಮುಂದೆ ನಿಂತು ಯಾಕೆ ಅತ್ತೆ ಅಂತ ಹೇಳ್ತೀನಿ. (ನಗೋದಾದ್ರೆ ಈಗಲೇ ನಕ್ಕುಬಿಡಿ. ಮುಂದೆ ನಗು ಬರಲ್ಲ.)

ನಾವಿರೋದು ಪಟ್ಟಂದೂರು ಅಗ್ರಹಾರದಲ್ಲಿ. ಟೆಕ್ ಪಾರ್ಕಿನ ಹಿಂದಿನ ಗೇಟಿಂದ ಮನೆಗೆ ಹತ್ತೇ ನಿಮಿಷ. ಅದರಲ್ಲಿ ನಾಲ್ಕು ನಿಮಿಷ ಒಂದು ಗಲ್ಲಿ. ಒಂದು ಕಡೆ ಎತ್ತರದ ಕಾಂಪೌಂಡ್, ಇನ್ನೊಂದು ಕಡೆ ಖಾಲಿ ಸೈಟು. ಮೂರು ತಿಂಗಳ ಹಿಂದೆ ಒಂದು ಸಂಜೆ, ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ, ಹಿಂದಿನಿಂದ ಒಬ್ಬ ಬಂದ. ನನ್ನ ಎಡಗೈ ಹಿಡಿದ. ವಾಚು ತನಗೆ ಕಾಣೋ ಹಾಗೆ ತಿರುಗಿಸಿದ. “ಆರೂ ಮುಕ್ಕಾಲು,” ಅಂದ. ನಕ್ಕ. ಬಿಟ್ಟು ಹೋದ.

ಅಷ್ಟೇ. ಸರ ಕೀಳಲಿಲ್ಲ, ಒಂದು ಕೆಟ್ಟ ಮಾತಾಡಲಿಲ್ಲ. ಪೊಲೀಸ್ ಸ್ಟೇಷನ್ನಿಗೆ ಹೋಗಿ ಏನಂತ ಕಂಪ್ಲೇಂಟ್ ಕೊಡೋದು? ಟೈಮ್ ನೋಡಿದ ಅಂತಲಾ? ಆದರೆ ಅವನು ಹಿಡಿದಿದ್ದಷ್ಟು ಹೊತ್ತು ನನ್ನ ಕೈ ನನ್ನದಾಗಿರಲಿಲ್ಲ. ಕೂಗೋಣ ಅಂದ್ರೆ ಗಂಟಲಿಂದ ಗಾಳಿ ಕೂಡ ಹೊರಡಲಿಲ್ಲ. ಅವತ್ತಿಂದ ನಿದ್ದೆ ಹೋಯ್ತು. ಹತ್ತು ನಿಮಿಷದ ಮನೆಗೆ ಮೇನ್ ರೋಡ್ ಸುತ್ತಿಕೊಂಡು, ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡು, ಆಟೋದಲ್ಲಿ ಮುಕ್ಕಾಲು ಗಂಟೆಗೆ ಬರೋಕೆ ಶುರು ಮಾಡಿದೆ. ವಾಚು ಕಟ್ಟೋದು ಬಿಟ್ಟೆ.

ಕರಾಟೆ ಕಲೀರಿ ಅಂದ್ರು ಆಫೀಸಲ್ಲಿ. ಹೋಗಿ ನೋಡಿದೆ. ಕ್ಲಾಸಲ್ಲಿದ್ದವರೆಲ್ಲ ನನ್ನ ಸೊಂಟದೆತ್ತರ. ವಾಪಸ್ ಬಂದು ಮನೆ ಕಂಪ್ಯೂಟರಲ್ಲಿ ಹುಡುಕಿದಾಗ ಸಿಕ್ಕಿದ್ದು ನಿಂಜುತ್ಸು. ಜಪಾನಿನ ಹಳೇ ಗೂಢಚಾರರ ವಿದ್ಯೆಯಂತೆ. ವಿಡಿಯೋದಲ್ಲಿದ್ದ ಮೇಷ್ಟ್ರು ಮೊದಲನೇ ಪಾಠದಲ್ಲೇ ಹೇಳಿಬಿಟ್ರು: ಹೊಡೆಯೋದು ಆಮೇಲೆ, ಮೊದಲು ತಪ್ಪಿಸಿಕೊಳ್ಳೋದು ಕಲೀಬೇಕು. ನನಗೆ ಬೇಕಾಗಿದ್ದೂ ಅದೇ ಅಲ್ವಾ?

ಸರಿ, ಹಾಲ್‌ನಲ್ಲಿದ್ದ ಸೋಫಾ ಗೋಡೆಗೆ ತಳ್ಳಿದ್ದಾಯ್ತು. ನಿಲ್ಲೋದು ಹೇಗೆ, ಸದ್ದಿಲ್ಲದೆ ನಡೆಯೋದು ಹೇಗೆ, ಬಿದ್ದರೆ ಪೆಟ್ಟಾಗದ ಹಾಗೆ ಉರುಳೋದು ಹೇಗೆ. (ಉರುಳೋ ಪಾಠ ಹಾಸಿಗೆ ಮೇಲೆ. ಕೆಳಗಿನ ಮನೆಯವರು ಎರಡು ಸಲ ಬಂದು ಏನಾಯ್ತು ಅಂತ ಕೇಳಿದ್ರು.) ಅರ್ಧ ಉರುಳಿದಾಗ ವಿಡಿಯೋ ನಿಂತುಹೋಗಿ ಚಕ್ರ ತಿರುಗ್ತಾ ಇರೋದು, ನಾನು ಕಾಲು ಮೇಲೆ ಮಾಡ್ಕೊಂಡು ಕಾಯ್ತಾ ಇರೋದು.

ನಾಲ್ಕನೇ ಪಾಠ, ಹಿಡಿದ ಕೈ ಬಿಡಿಸಿಕೊಳ್ಳೋದು. ಹಿಡಿದವನ ಹೆಬ್ಬೆರಳ ಕಡೆಗೆ ನಮ್ಮ ಮಣಿಕಟ್ಟು ತಿರುಗಿಸಬೇಕು, ಜೊತೆಗೆ ಕಾಲೂ ಹೆಜ್ಜೆ ಹಾಕಬೇಕು. ಇದಕ್ಕೆ ಹಿಡಿಯೋರು ಒಬ್ಬರು ಬೇಕಲ್ಲ? ನಮ್ಮವರನ್ನ ನಿಲ್ಲಿಸಿದೆ. ಅವರು ಹಾವೇರಿ ಕಡೆಯವರು, ಸಾಧು ಮನುಷ್ಯ. ಹಿಡಿಯೋರು, ನಾನು ತಿರುಗಿಸ್ತಿದ್ದೆ, ಕೈ ಜಾರಿ ಬರ್ತಿತ್ತು. “ನೋವಾತೇನು?” ಅಂತ ಪ್ರತಿ ಸಲ ಕೇಳೋರು. ಒಂದು ತಿಂಗಳು ಹೀಗೇ ನಡೀತು. ಒಂದು ಸಲವೂ ನಾನು ಸೋಲಲಿಲ್ಲ ಕಣ್ರೀ.

ನಿದ್ದೆ ಬರೋಕೆ ಶುರುವಾಯ್ತು. ಆಟೋ ಬಿಟ್ಟೆ. ಎರಡು ವಾರ ಅದೇ ಗಲ್ಲಿಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆದುಬಂದೆ.

ಇನ್ನು ಭಾನುವಾರಕ್ಕೆ ಬರೋಣ. ಮುನಿಯಕ್ಕ ಈ ಊರಿನ ಹಳೇ ಮನೆತನದವರು. ಹೊಲ ಇದ್ದ ಜಾಗದಲ್ಲಿ ಮೂರು ಅಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟಿದ್ದರೂ ಹಿತ್ತಲಲ್ಲಿ ಎರಡು ಹಸು ಇನ್ನೂ ಇವೆ. ಅರವತ್ತು ದಾಟಿದ್ರೂ ದಿನಾ ಎರಡು ಹೊತ್ತು ಅವರೇ ಹಾಲು ಕರೀತಾರೆ. ಹಾಲಿಗೆ ಹೋದವಳು ಬಾಯಿ ಸುಮ್ಮನಿರದೆ ಗಲ್ಲಿಯಲ್ಲಾದದ್ದು ಹೇಳಿ ನನ್ನ ವಿದ್ಯೆ ಕೊಚ್ಚಿಕೊಂಡೆ. ಹಿಡೀರಿ ನೋಡೋಣ ಅಂದೆ. ಅವರು ಸೆರಗಲ್ಲಿ ಕೈ ಒರೆಸಿಕೊಂಡು ಹಿಡಿದ್ರು.

ತಿರುಗಿಸಿದೆ. ಕೈ ಅಲ್ಲಾಡಲಿಲ್ಲ. ಇನ್ನೊಂದು ಸಲ. ಊಹೂಂ. ನಗ್ತಾ ಇದ್ದವಳು ನಗೋದು ನಿಲ್ಲಿಸಿದೆ. ಬೆರಳು ಜೋಮು ಹಿಡೀತು. ಆ ಸಂಜೆ ಆದದ್ದೇ ಈಗಲೂ ಆಯ್ತು, ನನ್ನ ಕೈ ನನ್ನದಾಗಿರಲಿಲ್ಲ.

“ಬಿಡಿ ಮುನಿಯಕ್ಕ,” ಅಂದೆ ಹೇಗೋ.

“ಬುಡು ಅಂದ್ರೆ ಬುಟ್ಬುಡ್ತಾನಾ ಅವ್ನು?”

ನಾನು ಅತ್ತಿದ್ದು ಆಗ. ಅವರು ತಕ್ಷಣ ಬಿಟ್ಟು ಬೆನ್ನು ಸವರಿದ್ರು. “ಯಾರವ್ವ ನಿಂಗೆ ಇದ ಏಳ್ಕೊಟ್ಟಿದ್ದು?” ವಿಡಿಯೋ ಅಂದೆ. “ವಿಡಿಯೋ ಬಂದು ಕೈ ಇಡೀತದಾ?” ಅಂದ್ರು. ಆಮೇಲೆ ಕರುವಿನ ಕಡೆ ತೋರಿಸಿ, “ಅದ್ನ ಇಡ್ಕೊಂಡ್ ನೋಡು. ಬರೀ ಕತ್ತು ಆಡ್ಸಾಕಿಲ್ಲ ಅದು, ಮೈಯೆಲ್ಲ ಕೊಸರ್ತದೆ. ನೀನು ನಿಂತಲ್ಲೇ ನಿಂತ್ಕಂಡಿದ್ದೀಯ,” ಅಂದ್ರು.

ಹೆಜ್ಜೆ ಹಾಕಬೇಕು ಅಂತ ಮೇಷ್ಟ್ರೂ ಹೇಳಿದ್ರು. ಕೇಳಿಸಿಕೊಂಡಿದ್ದೆ ಕೂಡ. ಆದರೆ ಹೆಜ್ಜೆ ಹಾಕೋ ಅಗತ್ಯವೇ ನನಗೆ ಯಾವತ್ತೂ ಬಿದ್ದಿರಲಿಲ್ಲ. ಯಾಕೆ ಬಿದ್ದಿರಲಿಲ್ಲ?

ಮೇಲೆ ಬಂದು ನಮ್ಮವರನ್ನೇ ಕೇಳಿದೆ. ಪೇಪರ್ ಮಡಿಸಿಟ್ಟು ನೆಲ ನೋಡಿದ್ರು.

“ನೀ ತಿರುಗಿಸಾಕ ಶುರು ಮಾಡಿದ ಕೂಡ್ಲೆ ನಾ ಬಿಟ್ಟುಬಿಡ್ತಿದ್ದೆ. ನಿನಗ ನೋವಾಗಬಾರದು ಅಂತ. ಆಮ್ಯಾಲೆ ನಿನಗ ನಿದ್ದಿ ಬರಾಕ ಹತ್ತಿತ್ತು. ಹೆಂಗ ಹೇಳಲಿ?”

ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಹೆದರಿಕೆ ಬಂತು. ಆ ಎರಡು ವಾರ ನಾನು ಆ ಗಲ್ಲಿಯಲ್ಲಿ ನಡೆದದ್ದು ಯಾವ ಧೈರ್ಯದ ಮೇಲೆ? ನನ್ನ ಗಂಡನ ಪ್ರೀತಿಯ ಮೇಲೆ. ಆ ವಾಚು ನೋಡಿದವನೇನಾದ್ರೂ ಆಗ ಮತ್ತೆ ಬಂದಿದ್ದರೆ?

ನಮ್ಮನ್ನು ಪ್ರೀತಿಸೋರೆಲ್ಲ ಮಾಡೋದು ಇದನ್ನೇ ಅಲ್ವಾ? ಏನೂ ಆಗಲ್ಲ ಬಿಡು ಅಂತಾರೆ, ಕೈ ಸಡಿಲ ಮಾಡ್ತಾರೆ, ನಾವು ಗೆದ್ದೆವು ಅಂದ್ಕೊಳ್ತೀವಿ. ಆಫೀಸಲ್ಲೂ ಹಾಗೇ. ಮಹಿಳೆಯರ ಸೇಫ್ಟಿ ಟ್ರೈನಿಂಗ್ ಅಂತ ಅರ್ಧ ಗಂಟೆ ಸ್ಲೈಡ್ ತೋರಿಸಿದ್ರು, ಕೊನೆಗೆ ಕ್ವಿಜ್ ಇಟ್ರು. ಎಲ್ಲರಿಗೂ ನೂರಕ್ಕೆ ನೂರು. ತಪ್ಪು ಉತ್ತರ ಒತ್ತಿದರೆ ಇನ್ನೊಂದು ಸಲ ಒತ್ತೋಕೆ ಬಿಡ್ತಿತ್ತು.

ಸೋಮವಾರದಿಂದ ಮತ್ತೆ ಆಟೋ. ನಮ್ಮವರಿಗೆ ನನ್ನ ಮೇಲೆ ಕೈ ಬಿಗಿ ಮಾಡೋಕೆ ಬರಲ್ಲ, ಬರೋದೂ ಬೇಡ. ದಿನಾ ಬೆಳಿಗ್ಗೆ ಹಾಲು ಕರೆದಾದ ಮೇಲೆ ಮುನಿಯಕ್ಕ ಹತ್ತು ಸಲ ಹಿಡೀತಾರೆ. ಅವರು ಬಿಡಲ್ಲ, ನಾನೇ ಬಿಡಿಸಿಕೊಳ್ಳಬೇಕು. ಮಣಿಕಟ್ಟು ನೀಲಿಗಟ್ಟಿದೆ.

ಹತ್ತಕ್ಕೆ ನಾಲ್ಕು ಸಲ ಬಿಡಿಸಿಕೊಳ್ತೀನಿ ಈಗ. ನಿಜವಾಗಿ ಬೇಕಾಗೋ ಆ ಒಂದು ಸಲ ಈ ನಾಲ್ಕರಲ್ಲಿರುತ್ತಾ, ಉಳಿದ ಆರರಲ್ಲಿರುತ್ತಾ?