ಗೋಡೆ ಹಿಡಿದು ನಡೆದವರು

ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯುವ ವಾಸನೆ. ಸಾಂಗಲಿಯ ಈ ಮನೆಯಲ್ಲಿ ಮೊಮ್ಮಗಳ ಕಿವಿನೋವಿಗೆಂದು ಸೊಸೆ ಒಲೆಯ ಮುಂದೆ ನಿಂತಿದ್ದಾಳೆ. ನನಗೆ ಕಾಣುತ್ತಿರುವುದು ಹಳೆಯ ಶಾಲೆಯ ಒಂದು ಸುಣ್ಣದ ಗೋಡೆ, ಅದರ ಮೇಲೆ ಕೈಯೆತ್ತರದಲ್ಲಿ ಜಿಡ್ಡಿನ ಗೆರೆ.

ಆ ಗೆರೆ ಮಾಸ್ತರರದು. ಮಿರಜದ ಹತ್ತಿರ, ಆರಗದ ಆಚೆಯ ನಮ್ಮೂರಲ್ಲಿ ಗಂಡುಮಕ್ಕಳ ಕನ್ನಡ ಶಾಲೆಗೆ ಅವರು, ಪಕ್ಕದ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿ ನಾನು, ಊರಿಗೆಲ್ಲ ಬಾಯಾರು. ಅವರ ಎಡಗಿವಿಯಲ್ಲಿ ಯಾವಾಗಲೂ ಬೆಳ್ಳುಳ್ಳಿ ಎಣ್ಣೆಯ ಅರಳೆ. ಕಿವಿ ಗುಂಯ್ ಎನ್ನುತ್ತದೆ, ನಡೆದರೆ ನೆಲ ವಾಲುತ್ತದೆ ಎನ್ನುತ್ತಿದ್ದರು. ಎಣ್ಣೆ ಮೆತ್ತಿದ ಕೈಯನ್ನು ಗೋಡೆಗೆ ತಾಗಿಸಿಕೊಂಡೇ ವರಾಂಡ ದಾಟುತ್ತಿದ್ದರು. ಕೆಮ್ಮಿದರೆ ಕತ್ತಿನ ಹಿಂದೆ ಹೆಡಕು ಹಿಡಿದು ನಿಲ್ಲುತ್ತಿದ್ದರು... ಅಥವಾ ಇದನ್ನು ನಾನು ಆಮೇಲೆ ಸೇರಿಸಿಕೊಂಡೆನೋ.

"ಏನ್ರಿ ಮಾಸ್ತರ, ಮುಂಜಾನೇನ ಏರಿಸೀರೇನು?" ಎಂದು ಕಟ್ಟೆಯ ಮೇಲಿನವರು ಕೆಣಕುತ್ತಿದ್ದರು.

"ಹೌದಪಾ, ಎರಡು ಕಪ್ ಚಹಾ."

ಕೊರಳಲ್ಲಿ ಲಿಂಗ ಕಟ್ಟಿಕೊಂಡ ಅವರು ಹೆಂಡ ಮುಟ್ಟಿದವರಲ್ಲ. ಅದು ನನಗೆ ಗೊತ್ತಿತ್ತು.

ಆಗ ಎರಡೂ ಶಾಲೆಗಳನ್ನು ಒಂದು ಮಾಡುವ ಹುಕುಂ ಬಂತು. ಒಬ್ಬರು ಉಳಿಯಬೇಕು, ಇನ್ನೊಬ್ಬರಿಗೆ ದೂರದೂರಿಗೆ ವರ್ಗ. ತಪಾಸಣೆಗೆ ಬಂದ ಸಾಹೇಬರು ಮಾಸ್ತರರ ನಡಿಗೆ ನೋಡಿ, ಅವರು ಕುಡಿಯುತ್ತಾರೇನು ಎಂದು ಮರಾಠಿಯಲ್ಲಿ ನನ್ನನ್ನು ಮೆಲ್ಲಗೆ ಕೇಳಿದರು. ನಾನು ಹಾಜರಿ ಪುಸ್ತಕ ನೋಡುತ್ತಿದ್ದೆ ಎಂದು ನೆನಪು. ಕಿಟಕಿ ನೋಡುತ್ತಿದ್ದೆ ಎಂದೂ ನೆನಪು...

ವರ್ಗ ಅವರಿಗಾಯಿತು. ದಿನವೂ ಎರಡು ಬಸ್ಸು ಬದಲಿಸುತ್ತಿದ್ದವರು ಒಂದು ದಿನ ಇಳಿಯುವಾಗ ಬಿದ್ದರು. ಮಿರಜದ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ನಾನು ನೋಡಲು ಹೋದಾಗ ಕಿವಿಯಲ್ಲಿ ಅರಳೆ ಇರಲಿಲ್ಲ.

"ಕಿವಿ ನೆಟ್ಟಗ ಐತಂತ್ರಿ ಬಾಯಾರ. ತಲಿ ಹಿಂದಿನ ಸಣ್ಣ ಮಿದುಳಿನ ತುದಿ ಕುತ್ತಿಗಿಗೆ ಇಳದೈತಂತ, ಹುಟ್ಟಿದಾಗಿಂದ; ನೆಲ ವಾಲೂದು ಅದಕ್ಕಂತ. ಇಷ್ಟ ವರ್ಷದ ಬೆಳ್ಳುಳ್ಳಿ ದಂಡ ಆತು ನೋಡ್ರಿ!"

ನಕ್ಕರು, ನಗುತ್ತಲೇ ಹೆಡಕು ಹಿಡಿದುಕೊಂಡರು. ಆಮೇಲೆ ಕೇಳಿದರು: "ಸಾಹೇಬರು ಕೇಳಿದಾಗ ನೀವು ಏನಂದ್ರಿ?"

"ಏನೂ ಅನಲಿಲ್ಲರಿ."

"ಬರೇ ಇಲ್ಲ ಅಂದಿದ್ರ ಸಾಕಿತ್ತರಿ."

ಈ ಮಾತು ಮಾತ್ರ ನಾನು ಸೇರಿಸಿಕೊಂಡದ್ದಲ್ಲ.

ಶಸ್ತ್ರಚಿಕಿತ್ಸೆಯ ಮೇಲೆ ನೆಲ ವಾಲುವುದು ಕಡಿಮೆಯಾಯಿತಂತೆ. ನಮ್ಮ ಶಾಲೆಗೆ ಅವರು ಮರಳಲಿಲ್ಲ; ಈಗ ಅವರೇ ಇಲ್ಲ. ಶಾಲೆ ಒಂದಾದ ವರ್ಷ ನಾನೇ ನಿಂತು ಆ ಗೋಡೆಗೆ ಸುಣ್ಣ ಹೊಡೆಸಿದ್ದೆ. ಜಿಡ್ಡು ಸುಣ್ಣ ಹಿಡಿಯಲಿಲ್ಲ. ಒಣಗಿದ ಮೇಲೆ ಗೆರೆ ಮತ್ತೆ ಕಂಡಿತು.

ಸೊಸೆ ಅರಳೆ ಅದ್ದಿ ಹಿಡಿದಿದ್ದಾಳೆ. "ಅತ್ತಿ, ಹಾಕಲೇನ್ರಿ?"

ಬೇಡ, ಮೊದಲು ಡಾಕ್ಟರಿಗೆ ತೋರಿಸು ಎನ್ನಬೇಕು. ನನ್ನ ಬಾಯಿ ಈಗಲೂ ತಡವಾಗಿಯೇ ತೆರೆಯುತ್ತದೆ.