ಮಧುನಾಶಿನಿಯ ಜೊತೆ ಕಳಸದ ದಾರಿಯಲ್ಲಿ

ಶನಿವಾರ ಚಿಕ್ಕಮಗಳೂರಿನಿಂದ ಮೊದಲ ಬಸ್ಸಿಗೆ ಹೊರಟು ಮೂಡಿಗೆರೆಯಲ್ಲಿ ಇಳಿದಾಗ ಮಂಜು ಇನ್ನೂ ಕರಗಿರಲಿಲ್ಲ. ನಾನು ನೋಡಬೇಕಿದ್ದುದು ಊರಾಚೆಯ ಒಂದು ಸಣ್ಣ ಪ್ರಯೋಗಾಲಯ. ಅಂಗಾಂಶ ಕೃಷಿ ಎಂಬ ಭಾರದ ಹೆಸರಿನ ಕೆಲಸ ಅಲ್ಲಿ ನಡೆಯುತ್ತದೆ. ಔಷಧಿ ಗಿಡದ ಚಿಗುರನ್ನು ಉಗುರಷ್ಟು ಕತ್ತರಿಸಿ, ಗಾಜಿನ ಬಾಟಲಿಯೊಳಗೆ ಪೋಷಕಾಂಶ ಬೆರೆಸಿದ ಲೋಳೆಯಂಥ ಅಂಟಿನಲ್ಲಿ ಊರಿ, ಅದರಿಂದಲೇ ಹತ್ತಾರು ಸಸಿ ಮಾಡುತ್ತಾರೆ. ಬೀಜವೂ ಬೇಡ, ಮಣ್ಣೂ ಬೇಡ.

ಕತ್ತರಿಸುವ ಕೆಲಸ ಲಲಿತಾಳದು. ಎಸ್ಟೇಟಿನ ಕೂಲಿ ಲೈನ್‌ಮನೆಯಲ್ಲಿ ಬೆಳೆದು, ಮದುವೆಯಾಗಿ ಮೂಡಿಗೆರೆಗೆ ಬಂದವಳು. ಒಳಕೋಣೆಗೆ ಹೋಗುವ ಮೊದಲು ಹೂವು, ಉಂಗುರ, ಬಳೆ ಎಲ್ಲ ತೆಗೆದಿಡಬೇಕು. ಬಳೆಯ ಸಂದಿಯ ಕೊಳೆ ಸಾಕು, ಬಾಟಲಿಗೆ ಬೂಷ್ಟು ಹಿಡಿಯಲು. ತಕರಾರು ಇದ್ದದ್ದು ಅಲ್ಲೇ. ಗಂಡ ಗಟ್ಟಿಮುಟ್ಟಾಗಿ ಜೀಪು ಓಡಿಸಿಕೊಂಡಿರುವಾಗ ಸೊಸೆ ದಿನವಿಡೀ ಬರಿಗೈಯಲ್ಲಿ ಕೂರುತ್ತಾಳೆ ಎಂಬ ಸುದ್ದಿ ಯಾವುದೋ ಮದುವೆಮನೆಯಲ್ಲಿ ಅತ್ತೆಯ ಕಿವಿಗೆ ಬಿದ್ದಿತ್ತು. ಆ ಕೆಲಸ ಬಿಡಬೇಕೆಂದು ಅವರ ಅಪ್ಪಣೆ. ಬಳೆ ತೊಟ್ಟೇ ಮಾಡಬಹುದಾದದ್ದು ಅಲ್ಲಿ ಬಾಟಲಿ ತೊಳೆಯುವ ಕೆಲಸವೊಂದೇ. ಕತ್ತರಿಸುವುದೋ ತೊಳೆಯುವುದೋ ಎಂದು ಲಲಿತಾ ಸೋಮವಾರ ಪ್ರಯೋಗಾಲಯಕ್ಕೆ ತಿಳಿಸಬೇಕಿತ್ತು.

ಅವಳು ಅಂದು ಮಧುನಾಶಿನಿ ಸಸಿಗಳ ಬಾಟಲಿಗಳನ್ನು ಕಳಸದ ಕಡೆಯ ಎಸ್ಟೇಟ್ ನರ್ಸರಿಗೆ ಒಯ್ಯುತ್ತಿದ್ದಳು. ಅತ್ತೆ ಗಿರಿಜಮ್ಮ ಕೆಲಸ ಮಾಡುವುದೂ ಅಲ್ಲೇ; ಭಾನುವಾರ ಅವರ ಜೊತೆ ಉಳಿಯುವವಳಿದ್ದಳು. ನಾನೂ ಜೊತೆಗೆ ಹೊರಟೆ. ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಪುಕ್ಕಟೆ, ನನಗೆ ಮಾತ್ರ ಟಿಕೆಟ್ಟು. ದಾರಿಯಲ್ಲಿ ಅವಳು ಕೊಟ್ಟ ಮಧುನಾಶಿನಿ ಎಲೆ ಜಗಿದವನು ಕೊಟ್ಟಿಗೆಹಾರದಲ್ಲಿ ಕಾಫಿಗೆ ಸಕ್ಕರೆಯನ್ನೇ ಹಾಕಿಲ್ಲವೆಂದು ಹೋಟೆಲಿನವನ ಜೊತೆ ಜಗಳಕ್ಕೆ ನಿಂತೆ.

“ಸಕ್ಕರೆ ಇದೆ ಸಾರ್, ನಿಮ್ಮ ನಾಲಿಗೆಗೆ ಗೊತ್ತಾಗ್ತಿಲ್ಲ ಅಷ್ಟೆ. ಸುಮ್ನೆ ಇಟ್ಟಿದಾರಾ ಆ ಹೆಸರು?” ಎಂದು ಲಲಿತಾ ನಕ್ಕಳು.

ಕಳಸ ಹತ್ತಿರವಾದಂತೆ ಆ ನಗುವೂ ಇರಲಿಲ್ಲ. ಕೈಬಳೆಗಳನ್ನು ಸುಮ್ಮನೆ ತಿರುಗಿಸುತ್ತ ಕುಳಿತಳು. ಕಳಸಕ್ಕೆ ಮೊದಲೇ, ಎಸ್ಟೇಟ್ ಗೇಟಿನ ಬಳಿ ಇಳಿದೆವು. ರಸ್ತೆ ಪಕ್ಕದಲ್ಲೇ ನರ್ಸರಿ. ಗಿರಿಜಮ್ಮ ಸೊಸೆಯ ಕೈಯನ್ನು ಮೊದಲು ನೋಡಿದರು, ಮುಖವನ್ನು ಆಮೇಲೆ.

“ನಮ್ಮನೇಲಿ ಯಾರೂ ಹಂಗೆ ಬರಿಗೈಲಿ ಕೂತಿಲ್ಲ ಮಾರಾಯ್ತಿ.”

“ಕೆಲ್ಸ ಮುಗಿದ ಕೂಡ್ಲೇ ಹಾಕ್ಕೊಳ್ತೀನಲ್ಲ ಅತ್ತೆ.”

“ತೆಗೆಯೋದ್ಯಾಕೆ ಅಂತ ನಾನು ಕೇಳ್ತಿರೋದು.”

ಲಲಿತಾ ಉಗುರುಬೆಚ್ಚಗಿನ ನೀರಿನ ಬೇಸಿನ್ ಮುಂದಿಟ್ಟಳು. ಸಸಿಯನ್ನು ಬಾಟಲಿಯಿಂದ ಬಿಡಿಸಿ, ಬೇರಿನ ಅಂಟು ತೊಳೆದು, ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಸಬೇಕು. ಗಿರಿಜಮ್ಮನದು ಕಾಫಿ ಸಸಿಯಲ್ಲಿ ಪಳಗಿದ ಕೈ. ಅದೇ ಧೈರ್ಯದಲ್ಲಿ ಕೈಹಾಕಿದರು. ಹಸಿರು ಬಳೆಗೆ ಸಿಕ್ಕಿ ದಂಟು ಮುರಿಯಿತು. ಇನ್ನೊಂದನ್ನು ತೆಗೆದುಕೊಂಡರು, ಅದೂ ಮುರಿಯಿತು.

“ಇದೇನೇ ಇದು, ಮುಟ್ಟಿದ್ರೆ ಹೋಗ್ತದೆ!”

“ಗಾಳಿ, ಮಣ್ಣು ಏನೂ ಕಂಡಿಲ್ಲ ಅತ್ತೆ, ಅದ್ಕೆ.”

ತಿಂಗಳುಗಟ್ಟಲೆ ಸಾಕಿದ ಸಸಿ ಮುರಿದು ಬಿದ್ದರೂ ಅವಳು ದನಿ ಏರಿಸಲಿಲ್ಲ. ಗಿರಿಜಮ್ಮ ಬಳೆಗಳನ್ನು ಮೊಣಕೈಯತ್ತ ತಳ್ಳಿದರು, ಜಾರಿ ಬಂದವು. ಮತ್ತೆ ತಳ್ಳಿದರು. ಕೊನೆಗೆ ಕೈಗೆ ನೀರು ಸವರಿಕೊಂಡು ಒಂದೊಂದಾಗಿ ತೆಗೆದು, ಪಕ್ಕದ ಡ್ರಮ್ಮಿನ ಮುಚ್ಚಳದ ಮೇಲಿಟ್ಟರು. ಆಮೇಲೆ ಒಂದು ಸಸಿಯೂ ಮುರಿಯಲಿಲ್ಲ.

ನೆಟ್ಟ ಸಾಲಿನ ಮೇಲೆ ಲಲಿತಾ ಪ್ಲಾಸ್ಟಿಕ್ ಹೊದಿಸುತ್ತ ಬಂದಳು.

“ಸೋಮವಾರ ಯಾವ ಬಸ್ಸಿಗೆ ಹೋಗ್ಬೇಕೇ ನೀನು?” ಎಂದು ಗಿರಿಜಮ್ಮ ತಲೆಯೆತ್ತದೆ ಕೇಳಿದರು.

“ಯಾವ ಕೆಲ್ಸಕ್ಕೆ ಅತ್ತೆ?”

“ಬಾಟ್ಲಿ ತೊಳೆಯೋಕೆ ಬೇರೆ ಯಾರಾದ್ರೂ ಸಿಗ್ತಾರೆ ಬಿಡು.”

ಅರ್ಧ ಬಾಟಲಿಗಳು ಇನ್ನೂ ಉಳಿದಿದ್ದವು. ನನ್ನ ಬಸ್ಸಿಗೆ ಹೊತ್ತಾಗಿತ್ತು. ಗೇಟಿನ ಬಳಿ ಒಮ್ಮೆ ತಿರುಗಿ ನೋಡಿದೆ. ಅತ್ತೆ ಸೊಸೆ ಒಂದೇ ಬೇಸಿನ್ನಿಗೆ ಬಗ್ಗಿದ್ದರು. ಮುಚ್ಚಳದ ಮೇಲೆ ಹಸಿರು ಬಳೆಗಳ ಪಕ್ಕದಲ್ಲಿ ಈಗ ಲಲಿತಾಳ ಕೆಂಪು ಬಳೆಗಳೂ ಇದ್ದವು.