ಎಳೆ ಕೀಳದ ಉಂಗುರ

ಮೂವತ್ತೊಂದು ವರ್ಷ ಆಕೆ ಬೆರಳಿಗೆ ಏನನ್ನೂ ತೊಡಲಿಲ್ಲ. ಆಸೆ ಇರಲಿಲ್ಲವೆಂದಲ್ಲ. ಬಟ್ಟೆ ಗಿರಣಿಯ ತಪಾಸಣೆ ಕೋಣೆಯ ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: 'ಉಂಗುರ, ಬಳೆ, ಉದ್ದ ಉಗುರು ಒಳಗೆ ಬರಕೂಡದು.' ಒಳಗೆ ಇಳಿಜಾರಾಗಿ ನಿಲ್ಲಿಸಿದ ಗಾಜಿನ ಮೇಜು, ಗಾಜಿನ ಹಿಂದೆ ದೀಪ, ಮೇಲಿನಿಂದ ಇಳಿಯುತ್ತಲೇ ಇರುವ ಬಟ್ಟೆ. ಅದರ ಮೇಲೆ ಬರಿಗೈ ಆಡಿಸುತ್ತ, ಕಡಿದ ಎಳೆಯೋ ಗಂಟೋ ಎಣ್ಣೆ ಕಲೆಯೋ ಕಂಡಲ್ಲಿ ಬಟ್ಟೆಯ ಅಂಚಿಗೆ ಒಂದು ಕೆಂಪು ದಾರ ಕಟ್ಟುವುದು ಆಕೆಯ ಕೆಲಸ. ಆ ಕಣ್ಣಿನಿಂದ ತಪ್ಪಿಸಿಕೊಂಡ ಗಂಟು ಇನ್ನೂ ಹುಟ್ಟಿರಲಿಲ್ಲ. ಆಕೆಯ ನಿಜ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತು. ಗಿರಣಿಗೆಲ್ಲ ಆಕೆ 'ಭೂತಗನ್ನಡಿ'. 'ಭೂತಗನ್ನಡಿ ಕರೀತಿದಾಳೆ' ಎಂದು ಯಾರಾದರೂ ಅಂದರೆ ಸಾಕು, ಮಗ್ಗದ ಮುಂದೆ ಎದೆಯುಬ್ಬಿಸಿ ನಿಂತ ಗಟ್ಟಿಗನಿಗೂ ತಟ್ಟನೆ ಬಾಯಾರಿಕೆಯಾಗುತ್ತಿತ್ತು.

ನಿವೃತ್ತಿಗೆ ಹದಿನೈದು ದಿನ ಉಳಿದಿದ್ದಾಗ, ಊಟದ ಮೇಜಿನ ಮುಂದೆ ಆಕೆ ಯುದ್ಧ ಸಾರಿದಳು.

"ನಾನೊಂದು ಉಂಗುರ ತಗೋತೀನಿ. ಕಲ್ಲಿಂದು. ಕೊನೇ ದಿನ ಗೇಟ್ ದಾಟೋವಾಗ ಅದು ನನ್ನ ಬೆರಳಲ್ಲಿರ್ಬೇಕು."

"ಈ ವಯಸ್ಸಲ್ಲಿ ಉಂಗುರ ಯಾಕಮ್ಮ?" ಎಂದಳು ಮಗಳು. "ಅದರ ಬದಲು ಒಳ್ಳೇದೊಂದು ಮಿಕ್ಸಿ ತಗೋ."

"ಮಿಕ್ಸಿ ಬೆರಳಿಗೆ ಹಿಡಿಸುತ್ತಾ?"

ಗಂಡ "ಹೂಂ" ಅಂದ. ಮಗ್ಗಗಳ ಸದ್ದಿನಲ್ಲಿ ಕಿವಿ ಕಳೆದುಕೊಂಡ ಮೇಲೆ ಆತ ಎಲ್ಲದಕ್ಕೂ ಹೂಂ ಅನ್ನುತ್ತಿದ್ದ. ಮೂವತ್ತು ವರ್ಷದ ಸಂಸಾರ ಸುಗಮವಾಗಿ ಸಾಗಿದ್ದರ ಗುಟ್ಟೂ ಅದೇ.

ಸುದ್ದಿ ಮೆಟ್ಟಿಲು ಹತ್ತಿ ಮೇಲಿನ ಮನೆ ಸೇರಿತು. ಅಲ್ಲಿದ್ದವರು ಆಕೆಯ ಅಕ್ಕನ ಗಂಡ, ಬೀದಿಗೆಲ್ಲ ಪರಿಚಿತರಾದ 'ರಿಯಾಯಿತಿ ಭಾವ'. ಬೇಕಾದ್ದನ್ನು ಕೊಂಡವರಲ್ಲ ಅವರು. ಬೆಲೆ ಇಳಿದದ್ದನ್ನು ಕೊಂಡವರು. ಕುತ್ತಿಗೆ ಒತ್ತುವ ಯಂತ್ರ ಬಾಗಿಲಿಗೆ ಅಡ್ಡ ಇಡಲು ಬಳಕೆಯಾಗುತ್ತಿತ್ತು. ಮೂರು ತೂಕದ ಯಂತ್ರಗಳು ಮೂರು ತೂಕ ಹೇಳುತ್ತಿದ್ದವು, ಭಾವ ಕಡಿಮೆ ಹೇಳುವುದನ್ನು ನಂಬುತ್ತಿದ್ದರು. ಇನ್ನು ಅವರ ಬತ್ತಳಿಕೆಯ ಬ್ರಹ್ಮಾಸ್ತ್ರವೆಂದರೆ, ಗುಂಡಿ ಒತ್ತಿದರೆ ಅಂಚಿನ ತುಂಬ ಬಣ್ಣಬಣ್ಣದ ದೀಪ ಮಿನುಗುವ ಕೊಡೆ.

ಮರುದಿನವೇ ಭಾವ ದಂಡನಾಯಕ ನಕ್ಷೆ ಹಿಡಿದು ಬರುವಂತೆ ಮೊಬೈಲ್ ಹಿಡಿದು ಇಳಿದು ಬಂದರು.

"ನೋಡಮ್ಮಾ! ಪಚ್ಚೆ ಉಂಗುರ! ಮೂಲ ಬೆಲೆ ಅರವತ್ತು ಸಾವಿರ, ಈಗ ಬರೀ ಆರು! ಎರಡೇ ಪೀಸ್ ಉಳಿದಿದೆ, ಹನ್ನೆರಡೇ ನಿಮಿಷ! ಒತ್ತಲಾ?"

"ಬೆರಳು ಹಿಂದಕ್ಕೆ ತಗೊಳ್ಳಿ ಭಾವ."

ಆಕೆ ಕನ್ನಡಕ ಒರೆಸಿಕೊಂಡಳು. ಮೊಬೈಲನ್ನು ಮೇಜಿನ ಮೇಲೆ ಇಳಿಜಾರಾಗಿ ಒರಗಿಸಿದಳು. ಗಿರಣಿಯಲ್ಲಿ ಬಟ್ಟೆಯ ಸುರುಳಿ, ಥಾನು, ಬಿಚ್ಚಿ ನೋಡುವ ಹಾಗೆ ಆ ಪುಟವನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಸತೊಡಗಿದಳು.

"ಅರವತ್ತು ಸಾವಿರ ಕೊಟ್ಟು ಇದನ್ನ ಯಾರು ತಗೊಂಡಿದ್ರು?"

"ಯಾರೋ ತಗೊಂಡಿರ್ತಾರೆ, ಬಿಡು."

"ಯಾರೂ ಕೊಡದಿರೋ ಬೆಲೆ ಮೂಲ ಬೆಲೆ ಹೇಗಾಗುತ್ತೆ? ಆ ಕಾಲು ಮುರಿದ ಕುರ್ಚಿ ಮೇಲೆ ನಾನೂ ಒಂದು ಲಕ್ಷ ಅಂತ ಬರೆದು ಗೀಟು ಹಾಕ್ತೀನಿ. ನಿಮಗೆ ಅಂತ ಐನೂರಕ್ಕೆ ಕೊಡ್ತೀನಿ, ಒಯ್ತೀರಾ?"

ಕುರ್ಚಿಯತ್ತ ಭಾವನ ಕಣ್ಣು ಒಂದು ಕ್ಷಣ ಹೊರಳಿದ್ದು ಸುಳ್ಳಲ್ಲ.

ಪುಟದ ಮೇಲಿನ ಗಡಿಯಾರದಲ್ಲಿ ಹನ್ನೆರಡು ನಿಮಿಷ ಓಡುತ್ತಿತ್ತು. ಆಕೆ ಓಡಲಿಲ್ಲ. ಅವರೆಕಾಳು ಸುಲಿಯುವಷ್ಟೇ ನೆಮ್ಮದಿಯಲ್ಲಿ ಕೂತಳು. ಗಡಿಯಾರ ಸೊನ್ನೆಗೆ ಬಂತು, ಭಾವ "ಅಯ್ಯೋ ಹೋಯ್ತು" ಎಂದು ಹಣೆ ಚಚ್ಚಿಕೊಂಡರು. ಆಕೆ ಪುಟವನ್ನು ಮತ್ತೆ ತೆರೆದಳು. ಸತ್ತ ಗಡಿಯಾರ ಎದ್ದು ಕೂತು ಹೊಸದಾಗಿ ಹನ್ನೆರಡು ನಿಮಿಷದಿಂದ ಎಣಿಸತೊಡಗಿತು. ಪೀಸ್ ಎರಡೇ.

ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಆಕೆಗೆ ಬೇಕಾದ ಗಂಟು ಸಿಕ್ಕಿತು.

"ಪಚ್ಚೆ ಅಂದ್ರಲ್ಲ ಭಾವ, ಇಲ್ಲಿ ಓದಿ. 'ಪಚ್ಚೆ ಬಣ್ಣದ ಕಲ್ಲು'. ನಮ್ಮ ಬಚ್ಚಲುಮನೆ ಬಕೆಟ್ಟೂ ಪಚ್ಚೆ ಬಣ್ಣದ್ದೇ."

ಪುಟದಲ್ಲೇ ಕೊಟ್ಟಿದ್ದ ಸಂಖ್ಯೆಗೆ ಆಕೆ ಫೋನ್ ಮಾಡಿದಳು. ಆ ಕಡೆಯ ಮಾರಾಟಗಾರನ ದನಿ ಜೇನಿನಲ್ಲಿ ಅದ್ದಿ ತೆಗೆದಂತಿತ್ತು.

"ಮೇಡಂ, ಒಂದೇ ಒಂದು ದೋಷ ಇಲ್ಲದ ಕಲ್ಲು!"

"ಅದೇ ಅನುಮಾನ ನನಗೆ. ಭೂಮಿಯಿಂದ ತೆಗೆದಿದ್ದಾ, ಕಾರ್ಖಾನೆದಾ, ಗಾಜಾ?"

"ಪ್ರೀಮಿಯಂ ಕಲ್ಲು ಮೇಡಂ."

"ಪ್ರೀಮಿಯಂ ಯಾವ ಗಣೀಲಿ ಸಿಗುತ್ತಪ್ಪಾ?"

"ಮೇಡಂ, ಪ್ರಮಾಣಪತ್ರ ಇದೆ."

"ಯಾರು ಕೊಟ್ಟಿದ್ದು?"

"ನಾವೇ ಕೊಡ್ತೀವಿ ಮೇಡಂ!"

"ನೇಯ್ದವನೇ ತಪಾಸಣೆಗೂ ನಿಂತ ಹಾಗಾಯ್ತು. ಇಷ್ಟ ಆಗದಿದ್ರೆ ವಾಪಸ್ ತಗೋತೀರಾ?"

ಜೇನು ತಟ್ಟನೆ ಗಟ್ಟಿಯಾಯಿತು. "ವಾಪಸ್ ಇಲ್ಲ ಮೇಡಂ. ಬೇಗ ಹೇಳಿ, ಎರಡೇ ಪೀಸ್ ಇದೆ."

"ಎರಡನ್ನೂ ನೀನೇ ಇಟ್ಕೋ" ಎಂದು ಫೋನ್ ಇಟ್ಟಳು. ಕೊನೆಗೊಮ್ಮೆ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಕಲ್ಲನ್ನು ಹಿಡಿದಿಟ್ಟ ನಾಲ್ಕು ಚೂಪು ಕೊಕ್ಕೆಗಳು ಮೇಲಕ್ಕೆ ತಲೆಯೆತ್ತಿ ನಿಂತಿದ್ದವು. "ಇದು ಉಂಗುರ ಅಲ್ಲ ಭಾವ, ಗಾಳ."

ಭಾವನಿಗೆ ರೇಗಿತು. "ನಿನ್ನ ಹಾಗೆ ನೋಡ್ತಾ ಕೂತ್ರೆ ಈ ಲೋಕದಲ್ಲಿ ಒಂದು ಗುಂಡುಸೂಜಿನೂ ಕೊಳ್ಳೋಕಾಗಲ್ಲ. ಬರಿಗೈಲಿ ಒಳಗೆ ಹೋದೋಳು ಬರಿಗೈಲೇ ಗೇಟ್ ದಾಟ್ತೀಯ, ಬರೆದಿಟ್ಕೋ!"

ಮಾತು ಆಕೆಗೆ ನಾಟಿತು. "ಹಾಗೇನಾದ್ರೂ ಆದ್ರೆ ನಿಮ್ಮ ಮಿಣಮಿಣ ಕೊಡೆ ಹಿಡ್ಕೊಂಡು ಒಂದು ವಾರ ಬೀದಿ ಸುತ್ತುತ್ತೀನಿ. ಇಲ್ಲಾಂದ್ರೆ ನೀವು ಸುತ್ತಬೇಕು."

"ಆಯ್ತು!"

ಎಂಟು ಸಂಜೆ ಆಕೆ ಹುಡುಕಿದಳು. ನೂರಾರು ಉಂಗುರಗಳು ಆ ಕಣ್ಣ ಮುಂದೆ ಮೆರವಣಿಗೆ ಬಂದು ತಲೆತಗ್ಗಿಸಿಕೊಂಡು ಹೋದವು. ಒಂದು ಪುಟದಲ್ಲಿ ಬೆಳ್ಳಿ ಎಂದಿದ್ದದ್ದು ಕೆಳಗಿಳಿದಾಗ ಬೆಳ್ಳಿ ಲೇಪವಾಗಿತ್ತು. ಇನ್ನೊಂದರಲ್ಲಿ ಐದು ಜನ ಕೊಂಡವರ ಹೊಗಳಿಕೆಯಲ್ಲಿ ಒಂದೇ ಅಕ್ಷರತಪ್ಪು ಐದು ಸಲ ಇತ್ತು. ಮಗಳು ಕೂಡ ಅನುಮಾನದಿಂದ ನೋಡತೊಡಗಿದಳು: "ದೊಡ್ಡಪ್ಪ ಹೇಳಿದ್ದೇ ಆಗುತ್ತೇನೋ..." ಎಂದು ಅಪ್ಪನ ಹತ್ತಿರ ಗೊಣಗಿದರೆ, ಆತನೂ ಹೂಂ ಅಂದುಬಿಟ್ಟ.

ಒಂಬತ್ತನೆಯ ಸಂಜೆ ಆಕೆ ಕುರ್ಚಿಯಿಂದ ಎದ್ದು ನಿಂತಳು. ಯಾವುದೋ ಸಣ್ಣ ಕುಶಲಕರ್ಮಿಯ ಪುಟ, ಚಿತ್ರ ಅಷ್ಟಕ್ಕಷ್ಟೆ. ಬೆಳ್ಳಿಯ ಉಂಗುರದಲ್ಲಿ ಗಾರ್ನೆಟ್ ಎಂಬ ಪುಟ್ಟ ಕೆಂಪು ಕಲ್ಲು. ಕೆಳಗೆ ಬರೆದಿತ್ತು: 'ಕಲ್ಲಿನ ಬಲಭಾಗದಲ್ಲಿ ಒಳಗೊಂದು ಸಣ್ಣ ಗೆರೆ ಇದೆ. ಮೂರನೇ ಚಿತ್ರದಲ್ಲಿ ನೋಡಿಕೊಳ್ಳಿ. ಹಿಡಿಸದಿದ್ದರೆ ಹತ್ತು ದಿನದೊಳಗೆ ವಾಪಸ್ ಕಳಿಸಿ.' ತನ್ನ ಬಟ್ಟೆಗೆ ತಾನೇ ಕೆಂಪು ದಾರ ಕಟ್ಟಿಕೊಂಡು ಬರುವ ನೇಕಾರ! ಮೂವತ್ತೊಂದು ವರ್ಷ ಕಾದರೂ ಗಿರಣಿಯಲ್ಲಿ ಅಂಥವನೊಬ್ಬ ಸಿಕ್ಕಿರಲಿಲ್ಲ.

ಬೆಲೆ ನಾಲ್ಕು ಸಾವಿರ. ಅದರ ಮೇಲೆ ಗೀಟಿಲ್ಲ, ಗಡಿಯಾರವಿಲ್ಲ. ಅಷ್ಟೇ ಗಾತ್ರದ ಕಲ್ಲು, ಅಷ್ಟೇ ತೂಕದ ಬೆಳ್ಳಿ ಇನ್ನೂ ಮೂರು ಕಡೆ ಹುಡುಕಿ ಹೋಲಿಸಿದಳು. ಎಲ್ಲೂ ಇದಕ್ಕಿಂತ ಕಡಿಮೆಗಿರಲಿಲ್ಲ. ಕೊಕ್ಕೆಗಳೂ ಇರಲಿಲ್ಲ. ಕಲ್ಲನ್ನು ಒಳಕ್ಕೆ ಕೂರಿಸಿ ಸುತ್ತಲೂ ಬೆಳ್ಳಿಯ ಅಂಚು ಕಟ್ಟಿತ್ತು. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದಳು: "ಅಂಚು ನುಣುಪಾಗಿದೆಯಾ?"

"ನೈಲಾನ್ ಕಾಲುಚೀಲದ ಮೇಲೆ ಉಜ್ಜಿ ನೋಡಿಯೇ ಕಳಿಸೋದು ಅಮ್ಮಾ" ಎಂದಿತು ಆ ಕಡೆಯ ದನಿ.

ಆಕೆ ಆಗಲೇ ಹಣ ಕಳಿಸಿದಳು.

"ದೋಷ ಇರೋ ಕಲ್ಲು, ಅದೂ ರಿಯಾಯಿತಿ ಇಲ್ಲದೆ!" ಮಗಳು ತಲೆ ಮೇಲೆ ಕೈ ಹೊತ್ತಳು.

"ದೋಷ ಎಲ್ಲಿದೆ ಅಂತ ಗೊತ್ತಿದೆಯಲ್ಲೇ. ಆ ಹಸಿರು ಕಲ್ಲಲ್ಲಿ ಎಲ್ಲೆಲ್ಲಿದೆಯೋ!"

ಉಂಗುರ ಬಂದಾಗ ಇನ್ನು ಎರಡು ದಿನವಿತ್ತು. ಗೆರೆ ಹೇಳಿದ ಜಾಗದಲ್ಲೇ ಇತ್ತು. ಆಕೆ ಮಗಳ ಅತಿ ನಯವಾದ ದುಪಟ್ಟಾದ ಮೇಲೆ ಕಲ್ಲನ್ನು ಕೆಳಮುಖ ಮಾಡಿ ಎರಡು ಸಂಜೆ ಉಜ್ಜಿದಳು. ಒಂದು ಎಳೆಯೂ ಏಳಲಿಲ್ಲ. ಆಗ ಆಕೆಯ ತಲೆಯಲ್ಲಿ ಇನ್ನೊಂದು ಕಿಡಿಗೇಡಿ ವಿಚಾರ ಎದ್ದಿತು.

ಕೊನೆಯ ದಿನ, ಕೊನೆಯ ಥಾನು. ಆಕೆ ಉಂಗುರ ತೊಟ್ಟೇ ತಪಾಸಣೆ ಕೋಣೆಯೊಳಕ್ಕೆ ನಡೆದಳು. ಆಕೆ ಕೆಲಸಕ್ಕೆ ಸೇರಿದಾಗ ಇನ್ನೂ ಹುಟ್ಟಿರದ ಮೇಲ್ವಿಚಾರಕ ಓಡಿ ಬಂದ.

"ಅಮ್ಮಾ, ಉಂಗುರ ತೆಗೀರಿ! ಬೋರ್ಡ್ ಕಾಣಲ್ವಾ?"

"ಮೂವತ್ತೊಂದು ವರ್ಷದಿಂದ ಕಾಣ್ತಿದೆ. ಯಾಕೆ ಬರೆದಿದ್ದಾರೆ ಅದನ್ನ?"

"ಎಳೆ ಕೀಳುತ್ತೆ ಅಂತ."

"ಒಂದೇ ಒಂದು ಎಳೆ ಎದ್ರೆ ಇಡೀ ಥಾನಿನ ದುಡ್ಡು ನನ್ನ ಕೊನೇ ಸಂಬಳದಲ್ಲಿ ಹಿಡ್ಕೊಳ್ಳಿ. ಎಲ್ಲರ ಎದುರಿಗೇ ಹೇಳ್ತಿದೀನಿ."

ಎಲ್ಲರೂ ಆಗಲೇ ನೆರೆದಿದ್ದರು. ಆಕೆಯ ಕೈಯಲ್ಲಿ ಕೆಂಪು ದಾರ ತಿಂದ ನೇಕಾರರು ಮಗ್ಗ ಬಿಟ್ಟು ಬಂದು, ಇವತ್ತಾದರೂ ಈಕೆ ತಪ್ಪಲಿ ಎಂದು ಕುತ್ತಿಗೆ ಚಾಚಿ ನಿಂತರು. ಗಿರಣಿಯಲ್ಲೇ ಅತಿ ತೆಳುವಾದ ಬಿಳಿ ಬಟ್ಟೆ ದೀಪದ ಮುಂದೆ ಇಳಿಯಿತು. ಆಕೆ ಕಲ್ಲನ್ನು ಒಳಮುಖಕ್ಕೆ ತಿರುಗಿಸಿ, ಅಂಗೈ ಊರಿ, ಎಂಬತ್ತು ಮೀಟರ್ ಬಟ್ಟೆಯನ್ನೂ ಸವರಿದಳು. ನಡುವೆ ಎರಡು ಗಂಟು, ಒಂದು ಎಣ್ಣೆ ಕಲೆ ಕೂಡ ಹಿಡಿದು ದಾರ ಕಟ್ಟಿದಳು. ಗುಂಪಿನಲ್ಲಿ ಒಬ್ಬನಿಗೆ ಬಾಯಾರಿಕೆಯಾಯಿತು.

ಮೇಲ್ವಿಚಾರಕ ಮೂಗು ತಾಗುವಷ್ಟು ಬಗ್ಗಿ ಎರಡು ಸಲ ಹುಡುಕಿದ. ಎದ್ದ ಎಳೆ ಒಂದೂ ಇಲ್ಲ.

"ಆದ್ರೂ... ನಿಯಮ ಅಂದ್ರೆ ನಿಯಮ" ಎಂದು ಗೊಣಗಿದ.

"ಹಾಗಾದ್ರೆ ಕೆಲಸದಿಂದ ತೆಗೀರಿ. ಇನ್ನು ಹತ್ತು ನಿಮಿಷ ಇದೆ."

ನೇಕಾರರ ನಗು ಮಗ್ಗದ ಸದ್ದನ್ನೂ ಮೀರಿಸಿತು.

ಗೇಟಿನ ಹೊರಗೆ ಗಂಡ, ಮಗಳು, ಪಂದ್ಯದ ಕೊಡೆ ಕಂಕುಳಲ್ಲಿಟ್ಟ ಭಾವ ಕಾದಿದ್ದರು. ಆಕೆ ಉಂಗುರದ ಕೈ ಎತ್ತಿ ತೋರಿಸಿದಳು. ಭಾವನೂ ಕೈ ಎತ್ತಿದರು. ಅವರ ಬೆರಳಲ್ಲಿ ಗೋಲಿಯಷ್ಟು ದೊಡ್ಡ ಹಸಿರು ಕಲ್ಲು ಝಗಮಗಿಸುತ್ತಿತ್ತು.

"ಎರಡೇ ಪೀಸ್ ಇತ್ತು ಕಣಮ್ಮಾ, ಬಿಡೋಕೆ ಮನಸ್ಸಾಗ್ಲಿಲ್ಲ" ಎನ್ನುತ್ತ ಅವರು ಗತ್ತಿನಿಂದ ತಮ್ಮ ಹೊಸ ಸ್ವೆಟರಿನ ತೋಳು ಸರಿಪಡಿಸಿಕೊಳ್ಳಲು ಹೋದರು. ಕೊಕ್ಕೆ ಕಚ್ಚಿತು. ಬಿಡಿಸಲು ಎಳೆದರು. ಮಣಿಕಟ್ಟಿನಿಂದ ಮೊಣಕೈಯವರೆಗೆ ಎಳೆ ಬಿಚ್ಚುತ್ತ ಹೋಯಿತು.

ಆಕೆ ಚೀಲದಲ್ಲಿ ಉಳಿದಿದ್ದ ಕೊನೆಯ ಕೆಂಪು ದಾರ ತೆಗೆದು, ಭಾವನ ತೋಳಿನ ಅಂಚಿಗೆ ಅಚ್ಚುಕಟ್ಟಾಗಿ ಕಟ್ಟಿದಳು.

"ಇದನ್ನ ವಾಪಸ್ ತಗೋತಾರಾ?" ಭಾವ ಸಣ್ಣ ದನಿಯಲ್ಲಿ ಕೇಳಿದರು.

"ನಿಮ್ಮೆದುರಿಗೇ ಕೇಳಿದ್ನಲ್ಲ. ಕೊಡೆ ಬಿಚ್ಚಿ ಭಾವ. ಇವತ್ತು ಮೊದಲನೇ ದಿನ."

"ಹೂಂ" ಅಂದ ಗಂಡ, ಈ ಸಲ ಪೂರ್ತಿ ಕೇಳಿಸಿಕೊಂಡೇ.

ಮೋಡದ ಚೂರೂ ಇಲ್ಲದ ತಿಳಿ ಸಂಜೆಯಲ್ಲಿ, ಮಿಣಮಿಣ ಮಿನುಗುವ ಕೊಡೆಯ ಕೆಳಗೆ ಭಾವ ನಡೆದರು. ಮುಂದೆ ಆಕೆ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಕೈಬೀಸುತ್ತ.